ಪ್ಯಾನಿಕ್ ಕಡಿಮೆಯಾದರೂ ಒಬ್ಬರೇ ಬಸ್ ಹತ್ತಲು ಆಗದವರಿಗೆ

ಪ್ಯಾನಿಕ್ ಕಾಯಿಲೆಗೆ ಚಿಕಿತ್ಸೆ ಶುರುವಾಗಿ ಎರಡು-ಮೂರು ತಿಂಗಳಾದ ಮೇಲೆ ಬಹಳ ಜನ ಅರ್ಧ ದಾರಿಯಲ್ಲಿ ನಿಂತುಬಿಡುತ್ತಾರೆ. ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಜೀವ ಹೋಗೇಬಿಟ್ಟಿತು ಅನ್ನಿಸುವ ಅಟ್ಯಾಕ್‌ಗಳು ಈಗ ಅಪರೂಪ. ಆದರೂ ಒಬ್ಬರೇ ಬಸ್ ಹತ್ತುವುದಿಲ್ಲ. ಮದುವೆ ಛತ್ರದಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಪರ್ಸಿನಲ್ಲಿ ಮಾತ್ರೆಯ ಸ್ಟ್ರಿಪ್ ಇದೆಯೇ ಎಂದು ಮನೆ ಬಿಡುವ ಮುಂಚೆ ಮತ್ತೆ ಮತ್ತೆ ಮುಟ್ಟಿ ನೋಡಬೇಕು. ಮನೆಯವರ ಲೆಕ್ಕದಲ್ಲಿ ವಾಸಿಯಾಗಿದೆ; ಆಗಿಲ್ಲವೆಂದು ಗೊತ್ತಿರುವುದು ಅನುಭವಿಸುವವರಿಗೆ ಮಾತ್ರ.

ಚೇತರಿಕೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಭಯ ತಗ್ಗಿಸಿಕೊಳ್ಳಲು ಮಾಡಿಕೊಂಡ ಸಣ್ಣಪುಟ್ಟ ಏರ್ಪಾಡುಗಳೇ ಭಯವನ್ನು ಉಳಿಸುತ್ತವೆ. ಅವನ್ನು ಒಂದೊಂದಾಗಿ ಕಳಚುವ ಕೆಲಸದ ವಿವರ ಈ ಬರಹದಲ್ಲಿದೆ. ಪ್ಯಾನಿಕ್ ಮತ್ತು ಅದರ ಬೆನ್ನಿಗೇ ಬರುವ ಹೊರಗೆ ಹೋಗುವ ಭಯಕ್ಕೆ ಇದು ಹೊಂದುತ್ತದೆ. ಗೀಳು ಕಾಯಿಲೆಗೂ (ಒಸಿಡಿ) ಆಘಾತದ ನಂತರದ ತೊಂದರೆಗೂ ವಿಧಾನ ಬೇರೆ.

ದೇಹದ ತಪಾಸಣೆ ಒಮ್ಮೆ ಮುಗಿಸಿ

ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ರಕ್ತದ ಸಕ್ಕರೆ, ಬಿ12. ವೈದ್ಯರು ಬೇರೆ ಏನೂ ಹೇಳದಿದ್ದರೆ ಇಷ್ಟು ಸಾಕು. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೊಡೆದುಕೊಳ್ಳುತ್ತದೆ. ಆಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳು, ಖಾಲಿ ಹೊಟ್ಟೆಯಲ್ಲಿ ಕುಡಿದ ಸ್ಟ್ರಾಂಗ್ ಫಿಲ್ಟರ್ ಕಾಫಿ ಇವೂ ಅದೇ ಕೆಲಸ ಮಾಡುತ್ತವೆ.

ಶ್ರಮಪಟ್ಟಾಗ ಬಂದು ಕೂತರೆ ಇಳಿಯುವ ಎದೆನೋವು, ಎಡತೋಳಿಗೋ ದವಡೆಗೋ ಹರಡುವ ನೋವು, 15–20 ನಿಮಿಷವಾದರೂ ಬಿಡದ ಎದೆಭಾರ ಇದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಧೂಮಪಾನ ಇರುವವರಾದರೆ, ‘ಪ್ಯಾನಿಕ್ ಇರಬೇಕು’ ಎಂದು ಕೂರಬೇಡಿ. 108ಕ್ಕೆ ಕರೆ ಮಾಡಿ.

ತಪಾಸಣೆಯಲ್ಲಿ ಏನೂ ಇಲ್ಲವೆಂದು ಬಂದ ಮೇಲೆ ಅದೇ ಲಕ್ಷಣಕ್ಕೆ ಇನ್ನೊಂದು ಇಸಿಜಿ ಬೇಡ. ಪ್ರತಿ ಇಸಿಜಿಯೂ ಎರಡು ದಿನದ ನೆಮ್ಮದಿ ಕೊಟ್ಟು ಮೂರನೇ ದಿನಕ್ಕೆ ‘ಆ ಮಶೀನಿನಲ್ಲಿ ತಪ್ಪಿಹೋಗಿರಬಹುದು’ ಎಂಬ ಅನುಮಾನ ತರುತ್ತದೆ. ನಮ್ಮಲ್ಲಿ ಇದರ ಜೊತೆಗೆ ಗ್ಯಾಸ್ಟ್ರಿಕ್ ಎಂಬ ಹೆಸರೊಂದಿದೆ. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿಕೊಂಡು, ಬಿಪಿ ಲೋ ಎಂದು ಉಪ್ಪು-ಸಕ್ಕರೆ ನೀರು ಕುಡಿದುಕೊಂಡು ಕಾಲ ಹಾಕುವವರು ಬಹಳ.

ಏರ್ಪಾಡುಗಳ ಪಟ್ಟಿ

ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್‌ನ ಸುತ್ತನ್ನು ಹೀಗೆ ವಿವರಿಸಿದರು: ಎದೆಬಡಿತ ಸ್ವಲ್ಪ ಏರುತ್ತದೆ, ಅದನ್ನು ಮನಸ್ಸು ಹಾರ್ಟ್ ಅಟ್ಯಾಕ್ ಎಂದು ಓದುತ್ತದೆ, ಆ ಓದಿನಿಂದ ಭಯ, ಭಯದಿಂದ ಅಡ್ರಿನಲಿನ್, ಅದರಿಂದ ಇನ್ನಷ್ಟು ಬಡಿತ. ಸಾಮಾನ್ಯವಾಗಿ ಇದು 10 ನಿಮಿಷದೊಳಗೆ ತುತ್ತತುದಿಗೆ ಹೋಗಿ ತಾನಾಗಿ ಇಳಿಯುತ್ತದೆ. ಆದರೆ ಇಳಿಯುವ ಮುಂಚೆಯೇ ನೀವು ಬಸ್ಸಿನಿಂದ ಇಳಿದಿರಿ ಅನ್ನಿ, ಅಥವಾ ನೀರು ಕುಡಿದಿರಿ, ಅಕ್ಕನಿಗೆ ಫೋನ್ ಮಾಡಿದಿರಿ. ಆಗ ಮನಸ್ಸು ಬರೆದಿಟ್ಟುಕೊಳ್ಳುವುದು ‘ಏನೂ ಆಗಲಿಲ್ಲ’ ಎಂದಲ್ಲ, ‘ಇಳಿದಿದ್ದರಿಂದ ಬಚಾವಾದೆ’ ಎಂದು. ನೂರು ಸಲ ಬಸ್ ಹತ್ತಿಯೂ ಭಯ ಹೋಗದಿರುವುದಕ್ಕೆ ಕಾರಣ ಇಷ್ಟೇ.

ಆದ್ದರಿಂದ ಮೊದಲ ಒಂದು ವಾರ ಏನನ್ನೂ ಬದಲಾಯಿಸಬೇಡಿ. ನೋಟ್‌ಬುಕ್ಕಿನಲ್ಲಿ ನಿಮ್ಮ ಏರ್ಪಾಡುಗಳನ್ನು ಬರೆಯುತ್ತ ಹೋಗಿ. ನೀರಿನ ಬಾಟಲಿ, ಒಆರ್‌ಎಸ್ ಪ್ಯಾಕೆಟ್, ಬಾಯಲ್ಲಿ ಪೆಪ್ಪರ್‌ಮಿಂಟ್, ಬಾಗಿಲ ಹತ್ತಿರದ ಸೀಟು, ಕಿಟಕಿ ತೆರೆದಿಡುವುದು, ಆಸ್ಪತ್ರೆ ಇರುವ ರಸ್ತೆಯಲ್ಲೇ ಹೋಗುವುದು, ಕಂಬಿಯನ್ನು ಬಿಗಿಯಾಗಿ ಹಿಡಿಯುವುದು, ಮಣಿಕಟ್ಟಿನ ನಾಡಿ ಎಣಿಸುವುದು ಇವು ಬೇಗ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದವೇ ಹೆಚ್ಚು ಕಾಟ ಕೊಡುತ್ತವೆ: ದಾರಿಯುದ್ದಕ್ಕೂ ರೀಲ್ಸ್ ನೋಡಿ ಗಮನ ತಪ್ಪಿಸುವುದು, ಮನಸ್ಸಿನಲ್ಲೇ ಒಂದೇ ಶ್ಲೋಕವನ್ನು ಬಿಡದೆ ಹೇಳಿಕೊಳ್ಳುವುದು, ಸ್ಮಾರ್ಟ್‌ವಾಚಿನಲ್ಲಿ ಹಾರ್ಟ್‌ರೇಟ್ ನೋಡುವುದು, ರಾತ್ರಿ ಗೂಗಲ್‌ನಲ್ಲಿ ಲಕ್ಷಣ ಹುಡುಕುವುದು. ಕೋವಿಡ್ ಕಾಲದಲ್ಲಿ ಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಈಗಲೂ ದಿಂಬಿನ ಪಕ್ಕದಲ್ಲಿದ್ದರೆ ಅದನ್ನೂ ಬರೆಯಿರಿ. ಮಾತ್ರೆ ಮುಗಿದ ಖಾಲಿ ಸ್ಟ್ರಿಪ್ಪನ್ನೇ ಧೈರ್ಯಕ್ಕೆ ಇಟ್ಟುಕೊಂಡು ಓಡಾಡುವವರಿದ್ದಾರೆ ಅಂದರೆ ಈ ಏರ್ಪಾಡುಗಳು ಔಷಧದಿಂದ ಎಷ್ಟು ದೂರ ಎಂದು ತಿಳಿಯುತ್ತದೆ.

ಭಕ್ತಿಯಿಂದ ಹೇಳುವ ಶ್ಲೋಕಕ್ಕೂ ಏರ್ಪಾಡಿಗೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ‘ಇದನ್ನು ಇವತ್ತು ಬಿಟ್ಟರೆ ಏನಾದರೂ ಆಗಿಬಿಡುತ್ತದೆಯೇ?’ ಎಂದು ಕೇಳಿಕೊಳ್ಳಿ. ಹೌದು ಎಂದು ಹೊಟ್ಟೆ ತಳಮಳಿಸಿದರೆ ಅದು ಏರ್ಪಾಡು.

ದೇಹದ ಅನುಭವವನ್ನು ಬೇಕೆಂದೇ ತರಿಸುವುದು

ಬಸ್ಸಿಗಿಂತ ಮುಂಚೆ ಮಾಡಬೇಕಾದ ಅಭ್ಯಾಸ ಇದು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಕೆಲವು ಕೌನ್ಸೆಲರ್‌ಗಳು ಸಹ. ಪ್ಯಾನಿಕ್‌ನಲ್ಲಿ ನಿಜಕ್ಕೂ ಹೆದರಿಸುವುದು ತಲೆ ತಿರುಗುವುದು, ಉಸಿರು ಕಟ್ಟುವುದು, ಎದೆ ಹೊಡೆದುಕೊಳ್ಳುವುದು. ಹಾಗಾಗಿ ಅವನ್ನೇ ಮನೆಯಲ್ಲಿ ತರಿಸಿಕೊಳ್ಳಬೇಕು. ಹೃದ್ರೋಗ, ಮೂರ್ಛೆರೋಗ, ಹತೋಟಿಯಲ್ಲಿಲ್ಲದ ಆಸ್ತಮಾ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ನಿಂತಲ್ಲೇ ಜೋರಾಗಿ ಓಡುವುದು 1 ನಿಮಿಷ: ಎದೆಬಡಿತಕ್ಕೆ. ತಿರುಗುವ ಕುರ್ಚಿಯಲ್ಲಿ ಸುತ್ತುವುದು 1 ನಿಮಿಷ: ತಲೆಸುತ್ತಿಗೆ. ಮೂಗು ಹಿಡಿದು ಎಳನೀರಿನ ಸಣ್ಣ ಸ್ಟ್ರಾನಲ್ಲಿ ಮಾತ್ರ ಉಸಿರಾಡುವುದು 1ರಿಂದ 2 ನಿಮಿಷ: ಉಸಿರು ಸಾಲದೆನ್ನುವ ಅನುಭವಕ್ಕೆ. ಬಾಯಿಂದ ಆಳವಾಗಿ, ವೇಗವಾಗಿ ಉಸಿರಾಡುವುದು 1 ನಿಮಿಷ: ಬೆರಳು ಜುಮ್ಮೆನ್ನುವುದಕ್ಕೆ, ಎಲ್ಲ ಕನಸಿನಂತೆ ಕಾಣುವುದಕ್ಕೆ. ಕೊನೆಯದರಲ್ಲಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುವುದರಿಂದ ಹಾಗಾಗುತ್ತದೆ. ಪಾರ್ಶ್ವವಾಯುವಿನ ಸೂಚನೆ ಎಂದು ಜನ ಹೆದರುವ ಜುಮ್ಮು ಅನೇಕ ಸಲ ಇದೇ.

ಒಂದೊಂದನ್ನೂ ಒಮ್ಮೆ ಮಾಡಿ, ನಿಮ್ಮ ಪ್ಯಾನಿಕ್‌ಗೆ ಯಾವುದು ಹೆಚ್ಚು ಹತ್ತಿರ ಎಂದು ನೋಡಿ. ಆಮೇಲೆ ಅದೊಂದನ್ನೇ ಹಿಡಿದು ದಿನಕ್ಕೆ 4–5 ಸುತ್ತು, ನಡುವೆ ಒಂದೆರಡು ನಿಮಿಷ ಬಿಟ್ಟು ಮಾಡಿ. ‘ಇನ್ನೇನು ಬಿದ್ದೇಬಿಡುತ್ತೇನೆ’ ಅನ್ನಿಸಿದ ಕೂಡಲೇ ನಿಲ್ಲಿಸಿದರೆ ಅಭ್ಯಾಸದಿಂದ ಏನೂ ಕಲಿತಂತಾಗುವುದಿಲ್ಲ. ಅಲ್ಲಿಂದ ಮುಂದೆ ಇನ್ನೂ 30 ಸೆಕೆಂಡ್ ಹೋಗಬೇಕು. ಪ್ಯಾನಿಕ್‌ನಲ್ಲಿ ಮೂರ್ಛೆ ಹೋಗುವುದು ತೀರಾ ಅಪರೂಪ. ಮೂರ್ಛೆಗೆ ರಕ್ತದೊತ್ತಡ ಇಳಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ರಕ್ತ, ಸೂಜಿ ಕಂಡರೆ ಬೀಳುವವರ ಲೆಕ್ಕ ಬೇರೆ: ಅವರಲ್ಲಿ ಒತ್ತಡ ನಿಜವಾಗಿಯೂ ಇಳಿಯುತ್ತದೆ. ಅಂಥವರು ಕೈಕಾಲಿನ ಸ್ನಾಯುಗಳನ್ನು 10–15 ಸೆಕೆಂಡ್ ಬಿಗಿಹಿಡಿದು ಬಿಡುವ ವಿಧಾನ ಕಲಿಯಬೇಕು.

ಇಲ್ಲಿ ಪ್ರಾಣಾಯಾಮದ ಮಾತೂ ಬರಬೇಕು, ಏಕೆಂದರೆ ಮನೆಯಲ್ಲಿ ಮೊದಲು ಸಿಗುವ ಸಲಹೆ ಅದೇ. ಬೆಳಿಗ್ಗೆ ದಿನಚರಿಯಾಗಿ ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ. ಆದರೆ ಕಪಾಲಭಾತಿ, ಭಸ್ತ್ರಿಕಾ ಎರಡರಲ್ಲೂ ಉಸಿರಿನ ವೇಗ ಹೆಚ್ಚು. ಹೊಸಬರಿಗೆ ತಲೆಸುತ್ತು, ಜುಮ್ಮು ಬಂದು ‘ಯೋಗ ಮಾಡಿದರೇ ಪ್ಯಾನಿಕ್ ಬರ್ತಿದೆ’ ಎಂದು ನಿಲ್ಲಿಸಿದವರಿದ್ದಾರೆ. ಬೇಕೆಂದೇ ಅನುಭವ ತರಿಸುವ ಅಭ್ಯಾಸಕ್ಕಾದರೆ ಅವೇ ಒಳ್ಳೆಯ ಸಾಧನ! ನಿಧಾನ ಉಸಿರಿನದ್ದು ಇನ್ನೊಂದು ಸಮಸ್ಯೆ. ಬಸ್ಸಿನಲ್ಲಿ ಎದೆಬಡಿತ ಏರಿದ ಕೂಡಲೇ ಅದನ್ನು ಇಳಿಸಲೆಂದೇ ದೀರ್ಘ ಉಸಿರು ಎಳೆಯತೊಡಗಿದರೆ ಅದೂ ಪಟ್ಟಿಗೆ ಸೇರುವ ಏರ್ಪಾಡಾಗುತ್ತದೆ.

ಬಸ್ಸು, ಮೆಟ್ರೊ, ಮೆಟ್ಟಿಲು

ಭಯದ ಜಾಗಗಳನ್ನು 0ಯಿಂದ 100ರ ಅಳತೆಯಲ್ಲಿ ಬರೆದುಕೊಳ್ಳಿ. 100 ಅಂದರೆ ಜೀವನದಲ್ಲೇ ಅತಿ ಹೆಚ್ಚು ಭಯವಾದದ್ದು. ಶುರು ಮಾಡಬೇಕಾದದ್ದು 30–40ರ ಆಸುಪಾಸಿನಿಂದ. 10ರಿಂದ ಶುರು ಮಾಡಿದರೆ ವಾರಗಳು ವ್ಯರ್ಥ, 90ರಿಂದ ಶುರು ಮಾಡಿದರೆ ಎರಡನೇ ದಿನವೇ ಬಿಟ್ಟುಬಿಡುತ್ತೀರಿ.

ಬಸ್ ಅಭ್ಯಾಸದ ಮೆಟ್ಟಿಲುಗಳು, ಅಂದರೆ ಕಡಿಮೆ ಭಯದಿಂದ ಹೆಚ್ಚು ಭಯದತ್ತ ಏರುವ ಹಂತಗಳು, ಹೀಗಿರಬಹುದು. ಮೊದಲು ಜನ ಕಡಿಮೆಯಿರುವ ಬೆಳಿಗ್ಗೆ 11ರ ಹೊತ್ತಿಗೆ ಮೂರು ಸ್ಟಾಪ್. ಆಮೇಲೆ ಅದೇ ಮೂರು ಸ್ಟಾಪ್, ಬಾಗಿಲಿಂದ ದೂರದ ಸೀಟಿನಲ್ಲಿ. ಆಮೇಲೆ ಹತ್ತು ಸ್ಟಾಪ್, ಜೊತೆಯವರು ಹಿಂದಿನ ಬಸ್ಸಿನಲ್ಲಿ. ಒಬ್ಬರೇ, ನೀರಿನ ಬಾಟಲಿ ಇಲ್ಲದೆ. ಸಂಜೆ 6ರ ನೂಕುನುಗ್ಗಲಿನಲ್ಲಿ ನಿಂತುಕೊಂಡು. ಕೊನೆಗೆ ಕಾಫಿ ಕುಡಿದು, ಫೋನ್ ಆಫ್ ಮಾಡಿ, ಮಾತ್ರೆ ಮನೆಯಲ್ಲೇ ಬಿಟ್ಟು. ವಾರಕ್ಕೊಂದು ಸಲ ಸಾಲದು, 4–5 ದಿನ ಬೇಕು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ; ಇಳಿದು ಮತ್ತೆ ಹತ್ತುವ ಈ ಅಭ್ಯಾಸಕ್ಕೆ ಇದು ದೊಡ್ಡ ಅನುಕೂಲ. ಗುರುತಿನ ಚೀಟಿ ಜೊತೆಗಿರಲಿ.

ಸುರಂಗದ ಭಯವಿದ್ದರೆ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ತಾನಾಗಿಯೇ ಮೆಟ್ಟಿಲು ಕಟ್ಟಿಕೊಟ್ಟಿದೆ. ಎಂ.ಜಿ. ರಸ್ತೆ ನಿಲ್ದಾಣ ಮೇಲೆ, ಮುಂದಿನ ಕಬ್ಬನ್ ಪಾರ್ಕ್ ನೆಲದಡಿ. ಮೊದಲ ದಿನ ಈ ಒಂದು ನಿಲ್ದಾಣ ಮಾತ್ರ ಹೋಗಿ ಬನ್ನಿ. ಆಮೇಲೆ ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ, ಹೀಗೆ ಒಂದೊಂದು ಸೇರಿಸುತ್ತ ಹೋಗಿ. ಮಾಗಡಿ ರಸ್ತೆಗೆ ಬಂದರೆ ರೈಲು ಮತ್ತೆ ಮೇಲೆ ಬಂದಿರುತ್ತದೆ.

ಪ್ರತಿ ಸಲ ಹೊರಡುವ ಮುಂಚೆ ಎರಡು ಸಾಲು ಬರೆಯಲೇಬೇಕು: ‘ಏನಾಗುತ್ತದೆ ಎಂದುಕೊಂಡಿದ್ದೇನೆ’, ‘ಅದನ್ನು ನೂರಕ್ಕೆ ಎಷ್ಟು ನಂಬಿದ್ದೇನೆ’. ‘ತೊಂದರೆಯಾಗುತ್ತದೆ’ ಎಂದು ಬರೆದರೆ ಉಪಯೋಗವಿಲ್ಲ, ಅದು ಸುಳ್ಳೋ ನಿಜವೋ ಎಂದು ತಾಳೆ ನೋಡಲು ಆಗುವುದಿಲ್ಲ. ‘ಐದನೇ ಸ್ಟಾಪ್ ಒಳಗೆ ಮೂರ್ಛೆ ಹೋಗಿ ಬೀಳುತ್ತೇನೆ, ನಂಬಿಕೆ 80’ ಎಂದು ಬರೆಯಿರಿ. ವಾಪಸ್ ಬಂದು ಅದರ ಕೆಳಗೆ ಏನಾಯಿತು ಎಂದು ಬರೆಯಿರಿ. ಕೂತಿರಬೇಕಾದದ್ದು ಭಯ ಸೊನ್ನೆಗೆ ಬರುವವರೆಗೆ ಅಲ್ಲ, ಬರೆದ ಮಾತು ಪರೀಕ್ಷೆಯಾಗುವವರೆಗೆ. ಭಯ 70ರಲ್ಲೇ ಇದ್ದು ಮೂರ್ಛೆ ಹೋಗದೆ ಇಳಿದಿರಾದರೆ ಆ ದಿನ ಪಾಸು.

ನಡುವೆ ತಡೆಯಲಾರದೆ ಇಳಿದುಬಿಟ್ಟರೆ ಆಟೊ ಹಿಡಿದು ಮನೆಗೆ ಹೋಗಬೇಡಿ. ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತು ಮುಂದಿನ ಬಸ್ ಹತ್ತಿ, ಎರಡೇ ಸ್ಟಾಪ್ ಆದರೂ ಸರಿ. ಅದೇ ದಿನ ಮತ್ತೆ ಹತ್ತದಿದ್ದರೆ ಮರುದಿನ ಹತ್ತುವುದು ದುಪ್ಪಟ್ಟು ಕಷ್ಟ.

ಒಂದೇ ಬಸ್ ನಂಬರ್, ಒಂದೇ ಸಮಯ, ಒಂದೇ ದಾರಿ ಆದರೆ ಮೈಸೂರಿನಲ್ಲಿ ಹೋದ ಭಯ ಹುಬ್ಬಳ್ಳಿಯಲ್ಲಿ ವಾಪಸ್ ಬರುತ್ತದೆ. ಹಳೆಯ ಭಯದ ನೆನಪು ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆ ಕೂರುತ್ತದೆ. ಆ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಳ್ಳುವ ಸ್ವಭಾವದ್ದು. ಊರು, ಹೊತ್ತು, ಹವೆ ಬದಲಾಯಿಸಿ ಮಾಡಿ.

ಮಾತ್ರೆ

ಎಸಿಟಾಲೋಪ್ರಾಮ್, ಸರ್ಟ್ರಾಲಿನ್ ಇವು ಎಸ್‌ಎಸ್‌ಆರ್‌ಐ (ಮೆದುಳಿನ ಸೆರೊಟೋನಿನ್ ಮೇಲೆ ಕೆಲಸ ಮಾಡುವ) ಗುಂಪಿನವು. ಪ್ಯಾನಿಕ್ ಇರುವವರಿಗೆ ಸಾಮಾನ್ಯವಾಗಿ ಕಡಿಮೆ ಪ್ರಮಾಣದಲ್ಲಿ, ಎಸಿಟಾಲೋಪ್ರಾಮ್ ಆದರೆ 5 ಮಿ.ಗ್ರಾಂ., ಸರ್ಟ್ರಾಲಿನ್ ಆದರೆ 25 ಮಿ.ಗ್ರಾಂ.ನಿಂದ ಶುರು ಮಾಡುತ್ತಾರೆ. ಮೊದಲ ಒಂದೆರಡು ವಾರ ವಾಕರಿಕೆ, ಬೇಧಿ, ಚಡಪಡಿಕೆ ಹೆಚ್ಚಾಗಬಹುದು. ‘ಮಾತ್ರೆ ಒಗ್ಗಲಿಲ್ಲ’ ಎಂದು ಬಿಡುವವರು ಬಿಡುವುದು ಈ ವಾರಗಳಲ್ಲೇ. ಗುಣ ಕಾಣಲು 2ರಿಂದ 6 ವಾರ ಬೇಕು. 25ಕ್ಕಿಂತ ಚಿಕ್ಕವರಲ್ಲಿ ಈ ಅವಧಿಯಲ್ಲಿ ಸಾಯುವ ಯೋಚನೆ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ತಿಂಗಳುಗಳ ನಂತರ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವುದಕ್ಕೆ ಒಂದು ಮುಖ್ಯ ಕಾರಣ ಲೈಂಗಿಕ ತೊಂದರೆ. ನಾಚಿಕೆ ಬಿಟ್ಟು ಹೇಳಿದರೆ ಪ್ರಮಾಣ ಅಥವಾ ಮಾತ್ರೆ ಬದಲಾಯಿಸಲು ದಾರಿಯಿದೆ.

ಗುಣವಾದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ನಂತರ ನಿಧಾನವಾಗಿ ಇಳಿಸುವುದು ರೂಢಿ. ಥಟ್ಟನೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇದನ್ನು ಕಾಯಿಲೆ ಮರಳಿತು ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮರಳುವ ಕಾಯಿಲೆ ಹೆಚ್ಚಾಗಿ ವಾರಗಟ್ಟಲೆ ನಿಧಾನವಾಗಿ, ಹಳೆಯ ಯೋಚನೆಗಳನ್ನು ಕಟ್ಟಿಕೊಂಡು ಬರುತ್ತದೆ. ಮಾತ್ರೆ ಬಿಟ್ಟದ್ದರ ತೊಂದರೆ ದಿನಗಳಲ್ಲಿ ಬಂದು, ಮಾತ್ರೆ ಮತ್ತೆ ಶುರುವಾದರೆ ಬೇಗ ಇಳಿಯುತ್ತದೆ.

ಕ್ಲೋನಜೆಪಾಮ್, ಆಲ್ಪ್ರಜೋಲಾಮ್ ಬೇರೆ ಜಾತಿಯವು. ಅರ್ಧ-ಒಂದು ಗಂಟೆಯಲ್ಲಿ ಭಯ ಇಳಿಸುತ್ತವೆ, ಅದೇ ಅವುಗಳ ಅಪಾಯವೂ ಹೌದು. 2–4 ವಾರ ದಾಟಿದರೆ ಅವಲಂಬನೆ ಬೆಳೆಯತೊಡಗುತ್ತದೆ. ಬಸ್ ಅಭ್ಯಾಸಕ್ಕೆ ಮುಂಚೆ ಅರ್ಧ ಮಾತ್ರೆ ನುಂಗಿದರೆ ಅಂದಿನ ಶ್ರಮದ ಹೆಗ್ಗಳಿಕೆ ಮಾತ್ರೆಗೇ ಹೋಗುತ್ತದೆ, ನಿಮಗಲ್ಲ.

ಒಂದು ವಿಷಯ ಇಲ್ಲೇ ಪರೀಕ್ಷಿಸಿಕೊಳ್ಳಿ. ಭಾರತದ ಮೆಡಿಕಲ್ ಅಂಗಡಿಗಳಲ್ಲಿ ಎಸಿಟಾಲೋಪ್ರಾಮ್ ಮತ್ತು ಕ್ಲೋನಜೆಪಾಮ್ ಎರಡೂ ಒಂದೇ ಮಾತ್ರೆಯಲ್ಲಿರುವ ಬ್ರ್ಯಾಂಡ್‌ಗಳು ಧಾರಾಳವಾಗಿ ಸಿಗುತ್ತವೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿದ್ದರೆ ನಿಮ್ಮದು ಅದೇ. ಅಂಥ ಮಾತ್ರೆ ತಿಂಗಳುಗಟ್ಟಲೆ ತಿಂದು ಒಂದು ದಿನ ನಿಲ್ಲಿಸಿದರೆ ಎರಡು ಔಷಧವನ್ನು ಒಟ್ಟಿಗೇ ಬಿಟ್ಟಂತೆ. ಕ್ಲೋನಜೆಪಾಮ್ ಥಟ್ಟನೆ ನಿಂತರೆ ಫಿಟ್ಸ್ ಬರುವ ಅಪಾಯವೂ ಇದೆ. ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಆಗ ಮಾತ್ರ ಒಂದನ್ನು ಉಳಿಸಿ ಇನ್ನೊಂದನ್ನು ಇಳಿಸಬಹುದು. ದೀರ್ಘಕಾಲ ತೆಗೆದುಕೊಂಡವರಲ್ಲಿ ಕ್ಲೋನಜೆಪಾಮ್ ಗುಂಪಿನ ಔಷಧವನ್ನು 2–4 ವಾರಕ್ಕೊಮ್ಮೆ ಶೇ 5–10ರಷ್ಟು ಇಳಿಸುವುದು ಸುರಕ್ಷಿತ ವೇಗ, ಅದೂ ವೈದ್ಯರ ಕಣ್ಣಳತೆಯಲ್ಲಿ. ಪರ್ಸಿನ ಸ್ಟ್ರಿಪ್ಪಿಗೂ ಇಳಿಕೆ ಬೇಕು: ಪರ್ಸಿನಿಂದ ಬ್ಯಾಗಿನ ತಳಕ್ಕೆ, ಬ್ಯಾಗಿನಿಂದ ಮನೆಯ ಬೀರುವಿಗೆ.

ಮನೆಯವರ ಪಾಲು

‘ಒಬ್ಬಳೇ ಬೇಡಮ್ಮ, ತಮ್ಮ ಬಿಟ್ಟು ಬರ್ತಾನೆ’ ಎನ್ನುವ ಪ್ರೀತಿ ಭಯದ ಕಡೆಯ ವಕೀಲ. ‘ರೀ, ನಂಗೇನೂ ಆಗಲ್ಲ ತಾನೆ?’ ಎಂಬ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ‘ಏನೂ ಆಗಲ್ಲ ಕಣೆ’ ಎಂದು ಉತ್ತರಿಸುವುದೂ ಹಾಗೇ. ಇದನ್ನು ನಿಲ್ಲಿಸಬೇಕಾದರೆ ಭಯವಿಲ್ಲದ ಹೊತ್ತಿನಲ್ಲಿ ಇಬ್ಬರೂ ಕೂತು ಒಪ್ಪಿಕೊಂಡಿರಬೇಕು. ಅಟ್ಯಾಕ್ ನಡುವೆ ಥಟ್ಟನೆ ಕೈಬಿಟ್ಟರೆ ಅದು ಕ್ರೌರ್ಯ. ಒಪ್ಪಂದವಾದ ಮೇಲೆ ಹೇಳಬೇಕಾದದ್ದು ಇಷ್ಟು: ‘ಕಷ್ಟ ಆಗ್ತಿದೆ ಅಂತ ಕಾಣ್ತಿದೆ. ಆ ಪ್ರಶ್ನೆಗೆ ಉತ್ತರ ಹೇಳಲ್ಲ ಅಂತ ಮಾತಾಡಿಕೊಂಡಿದ್ದೀವಲ್ಲ. ಇನ್ನು ಎರಡು ಸ್ಟಾಪ್ ನೋಡೋಣ.’ ‘ಸುಮ್ನೆ ಯೋಚ್ನೆ ಮಾಡ್ತೀಯ’ ಎಂಬ ಮಾತು ಮಾತ್ರ ಯಾವ ಹೊತ್ತಿನಲ್ಲೂ ಬೇಡ.

ಮರುಕಳಿಸಿದಾಗ

ಮರುಕಳಿಸುತ್ತದೆ ಎಂದೇ ಲೆಕ್ಕ ಹಾಕಿ. ಜ್ವರ ಬಂದು ಹೋದ ವಾರ ಎದೆಬಡಿತ ಹೆಚ್ಚಿರುತ್ತದೆ. ನಿದ್ದೆಗೆಟ್ಟ ರಾತ್ರಿ, ಏಕಾದಶಿಯ ಉಪವಾಸ, ಮುಟ್ಟಿನ ಹಿಂದಿನ ದಿನಗಳು, ಬಾಣಂತನ, ಹತ್ತಿರದವರಿಗೆ ಹೃದಯಾಘಾತವಾದ ಸುದ್ದಿ ಇಂಥ ಹೊತ್ತಿನಲ್ಲಿ ಒಂದು ಅಟ್ಯಾಕ್ ಬಂದರೆ ಅದು ಬರೀ ಒಂದು ಅಟ್ಯಾಕ್. ಅದರಿಂದ ಹಿಂದಿನ ಕೆಲಸ ಅಳಿಸಿಹೋಗುವುದಿಲ್ಲ. ಆ ಅಟ್ಯಾಕ್ ಆದ ಮಾರನೇ ದಿನದಿಂದ ಬಸ್ ಬಿಟ್ಟು ಆಟೊ ಹಿಡಿಯತೊಡಗಿದರೆ, ಕಾಯಿಲೆಗೆ ದಾರಿ ಮಾಡಿಕೊಟ್ಟಂತೆ. ಮೂರು ದಿನದೊಳಗೆ ಅದೇ ಜಾಗಕ್ಕೆ ಹೋಗಿ, ಬೇಕಾದರೆ ಎರಡು ಮೆಟ್ಟಿಲು ಕೆಳಗಿಂದ.

ತಿಂಗಳಿಗೊಮ್ಮೆ ಆತಂಕ ಅಳೆಯುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಅಳತೆ ತುಂಬಿ ಇಟ್ಟುಕೊಳ್ಳಬಹುದು: 21ಕ್ಕೆ ಎಷ್ಟು ಎಂದು ಬರುತ್ತದೆ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಅದಕ್ಕಿಂತ ಸೂಕ್ಷ್ಮವಾದ ಅಳತೆ ನಿಮ್ಮದೇ ಏರ್ಪಾಡುಗಳ ಪಟ್ಟಿ. ಬಾಟಲಿ, ಬಾಗಿಲ ಸೀಟು ಮತ್ತೆ ತಲೆಹಾಕಿದ್ದರೆ ಅಟ್ಯಾಕ್ ಬರುವ ಮುಂಚೆಯೇ ಗೊತ್ತಾಗುತ್ತದೆ.

ಒಬ್ಬರೇ ಮಾಡಲಾಗದಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಕಿ. ಮೊದಲ ಭೇಟಿಯಲ್ಲೇ ‘ಎಕ್ಸ್‌ಪೋಶರ್ ಮಾಡಿಸುತ್ತೀರಾ?’ ಎಂದು ಕೇಳಿ; ಭಯವನ್ನು ಹೀಗೆ ಹಂತ ಹಂತವಾಗಿ ಎದುರಿಸುವ ಅಭ್ಯಾಸಕ್ಕೆ ಅವರು ಹೇಳುವ ಹೆಸರು ಅದು. ಸಾಮಾನ್ಯವಾಗಿ 12ರಿಂದ 16 ಭೇಟಿ ಸಾಕು. ಎಂಟು ಭೇಟಿ ಕಳೆದರೂ ಬರೀ ಮಾತುಕತೆ ನಡೆದು ಒಂದು ಬಸ್ಸೂ ಹತ್ತಿಲ್ಲದಿದ್ದರೆ ಬೇರೆಯವರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಮೆಟ್ಟಿಲು, ಪಟ್ಟಿ ಎಲ್ಲ ಆಮೇಲೆ. ಮೊದಲು ಆ ಕರೆ ಮಾಡಿ.